ಅತ್ತೆ ತರ್ಜುಮೆ ಮಾಡಿದ ಸಿನಿಮಾ

ಮದುವೆಯಾಗಿ ಮೂರು ತಿಂಗಳಾಗಿತ್ತು. ನಾನು ಯಾದಗಿರಿಯವಳು. ಗಂಡನ ನೌಕರಿ ಹುಣಸಗಿ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ. ಉಪಕಾಲುವೆಯ ಗೇಟು ಎತ್ತುವುದು, ಇಳಿಸುವುದು, ನೀರಿನ ಪಾಳಿ ಬಂದಿಲ್ಲವೆಂದು ಬರುವ ರೈತರಿಗೆ ಸಮಾಧಾನ ಹೇಳುವುದು ಅವರ ಕೆಲಸ. ಎರಡು ಖೋಲಿಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆಯ ತವರು ತೆಲುಗು ಗಡಿಯ ಗುರುಮಠಕಲ್ ಕಡೆ, ಕೊಟ್ಟದ್ದು ಸಗರಕ್ಕೆ. ಅವರಿಗೂ ನನಗೂ ಜಗಳವಿರಲಿಲ್ಲ. ಹಾಗೆಂದು ಮಾತೂ ಇರಲಿಲ್ಲ. ಉಪ್ಪು ಸಾಕಾ, ಜೋಳ ಬೀಸಿಸಿದ್ದಾಯಿತಾ, ಇಷ್ಟರಲ್ಲೇ ನಮ್ಮ ದಿನ ಮುಗಿಯುತ್ತಿತ್ತು.

ದುರಸ್ತಿಗೆಂದು ಕಾಲುವೆ ಬಂದ್ ಮಾಡಿದ ವಾರ ಗಂಡನಿಗೆ ಬಿಡುವು ಸಿಕ್ಕಿತು. ಶಹಾಪುರಕ್ಕೆ ಹೊರದೇಶದ ಒಂದು ಸಿನಿಮಾ ಬಂದಿದೆ, ನೋಡಿದವರಿಗೆ ಎರಡು ದಿನ ತಲೆ ನಿಲ್ಲುವುದಿಲ್ಲ ಎಂದು ಕ್ಯಾಂಪಿನ ಓವರ್‌ಸಿಯರ್ ಹೇಳಿದ್ದರಂತೆ. ಮಧ್ಯಾಹ್ನದ ಆಟಕ್ಕೆ ಹೋಗುವುದೆಂದಾಯಿತು. ಅತ್ತೆಯನ್ನು ಬಾಯಿಮಾತಿಗೆ ಕರೆದೆವು. ನಾವು ಮಾತು ಮುಗಿಸುವುದರೊಳಗೆ ಅವರು ಇಳಕಲ್ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ಟಾಕೀಸಿನಲ್ಲಿ ಕೂತ ಮೇಲೆ ಒಂದು ಸಂಗತಿ ಗೊತ್ತಾಯಿತು. ಸಿನಿಮಾದಲ್ಲಿದ್ದವರೆಲ್ಲ ಬಿಳಿಯರು, ಆಡುತ್ತಿದ್ದದ್ದು ತೆಲುಗು. ಹೈದರಾಬಾದಿನಿಂದ ಬಂದ ರೀಲಿನ ಡಬ್ಬಾ ಇರಬೇಕು. ನನಗೂ ಗಂಡನಿಗೂ ತೆಲುಗಿನಲ್ಲಿ ಬಾ, ಹೋಗು ಬಿಟ್ಟರೆ ಬೇರೇನೂ ತಿಳಿಯದು. ಎದ್ದು ಹೋಗೋಣವೇ ಎಂದು ಅವರು ನನ್ನ ಕಡೆ ಬಗ್ಗಿದಾಗ ಅತ್ತೆ ನಡುವೆ ಕೈ ಅಡ್ಡ ಹಾಕಿದರು.

"ಸುಮ್ನ ಕೂಡ್ರಿ. ನಾ ಹೇಳ್ತೀನಿ."

ಹೇಳತೊಡಗಿದರು. ಒಬ್ಬ ವಿಜ್ಞಾನಿ. ಅವನ ಹತ್ತಿರ ಆಳೆತ್ತರದ ಗಾಜಿನ ಪೆಟ್ಟಿಗೆ. ಒಬ್ಬ ಮನುಷ್ಯನನ್ನು ಅದರಲ್ಲಿ ನಿಲ್ಲಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ಅಂಥವನೇ ಇನ್ನೊಬ್ಬ ತಯಾರಾಗುತ್ತಾನೆ. ಮೊದಲಿನವನ ನೆನಪುಗಳನ್ನೆಲ್ಲ ಹೀರಿ ಅವನೊಳಗೆ ಸುರಿಯುತ್ತಾರೆ. ಒಬ್ಬ ಮನೆಗೆ ಹೋಗುತ್ತಾನೆ, ಇನ್ನೊಬ್ಬನನ್ನು ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಾರೆ. ಮನೆಗೆ ಬಂದವನಿಗೆ ಊಟಕ್ಕಿಡುವ ಹೆಂಡತಿಗೆ ಮೆಲ್ಲನೆ ಅನುಮಾನ ಶುರುವಾಗುತ್ತದೆ.

ಹೆಂಡತಿ ಅಳುತ್ತ ಬಹಳ ಹೊತ್ತು ಮಾತಾಡಿದರೆ ಅತ್ತೆ, "ಸಂಶೆ ಬಂದದ ಆಕೀಗಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ವಿಜ್ಞಾನಿ ಬರೀ ಹ್ಞೂಂ ಎಂದರೆ ಅವನ ತಾಯಿ ಹೇಗೆ ಸತ್ತಳು, ಅವನು ಯಾಕೆ ಹೀಗಾದ ಎಂದು ದೊಡ್ಡ ವಿವರಣೆ ಬರುತ್ತಿತ್ತು. ಎಷ್ಟೋ ವರ್ಷದ ನಂತರ ಅದೇ ಸಿನಿಮಾವನ್ನು ಟೀವಿಯಲ್ಲಿ ಹಿಂದಿಯಲ್ಲಿ ನೋಡಿದೆ. ವಿಜ್ಞಾನಿಯ ತಾಯಿಯ ಪ್ರಸ್ತಾಪವೇ ಇರಲಿಲ್ಲ. ಆದರೆ ಅವತ್ತು ನಮ್ಮ ಹಿಂದಿನ ಎರಡು ಸಾಲಿನವರೂ ಪರದೆಯನ್ನು ಬಿಟ್ಟು ಅತ್ತೆಯನ್ನೇ ನಂಬಿ ಕೂತಿದ್ದರು. ಪೊಲೀಸರು ಅಟ್ಟಿಸಿಕೊಂಡು ಹೋಗುವ ಜಾಗದಲ್ಲಿ ಅತ್ತೆಯೇ ಬಾಯಿ ತೆರೆದು ನೋಡುತ್ತ ಹೇಳುವುದನ್ನೇ ಮರೆತಾಗ ಹಿಂದಿನಿಂದ ಒಬ್ಬರು ವಿನಯದಿಂದ, ಮುಂದೇನಾಯಿತೆಂದು ಕೇಳಿದರು.

ಕೊನೆಗೆ ವಿಜ್ಞಾನಿಯ ಕಟ್ಟಡಕ್ಕೆ ಬೆಂಕಿ ಬೀಳುತ್ತದೆ. ಅಸಲಿ, ನಕಲಿ ಇಬ್ಬರೂ ಒಳಗೆ. ಒಬ್ಬನೇ ಕುಂಟುತ್ತ ಹೊರಗೆ ಬರುತ್ತಾನೆ. ಮನೆಗೆ ಹೋಗಿ ಮೆಲ್ಲಗೆ ಬಾಗಿಲು ಬಡಿಯುತ್ತಾನೆ. ಹೆಂಡತಿ ಬಾಗಿಲು ತೆಗೆದು ಅವನ ಮುಖ ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ. ಅಷ್ಟರಲ್ಲಿ ಟಾಕೀಸಿನ ದೀಪ ಹತ್ತಿತು.

ಅತ್ತೆ ಏಳಲಿಲ್ಲ. ಇನ್ನೊಂದು ರೀಲು ಬಾಕಿಯಿದೆ ಎಂದು ಅವರ ಲೆಕ್ಕ. ಮುಗಿಯಿತೆಂದು ನಂಬಿಸಿ ಹೊರಗೆ ಕರೆತಂದರೆ ನೇರ ಗೇಟ್‌ಕೀಪರನ ಮುಂದೆ ಹೋಗಿ ನಿಂತು, ಮನೆಗೆ ಬಂದವನು ಅಸಲಿಯೋ ನಕಲಿಯೋ ಎಂದು ಕೇಳಿದರು. ಅವನು ತಲೆ ಕೆರೆದುಕೊಂಡ. ಕೊನೆಯ ಸೀನು ಬರುವ ಹೊತ್ತಿಗೆ ತಾನು ಬಾಗಿಲು ತೆಗೆಯಲು ಹೋಗಿರುತ್ತೇನೆ, ಹೀಗಾಗಿ ಈ ಟಾಕೀಸಿನಲ್ಲಿ ಯಾವ ಸಿನಿಮಾದ ಕೊನೆಯನ್ನೂ ನೋಡಿಲ್ಲ ಎಂದ.

ಸುರಪುರದ ಮೇಲೆ ಹುಣಸಗಿಗೆ ಹೋಗುವ ಬಸ್ಸಿನಲ್ಲಿ ಅದೇ ಆಟ ನೋಡಿ ಬಂದವರು ಐದಾರು ಮಂದಿ ಇದ್ದರು. ಅತ್ತೆ ಎಲ್ಲರನ್ನೂ ವಿಚಾರಿಸಿದರು. ಕಕ್ಕೇರಾದ ಮಾಸ್ತರೊಬ್ಬರು ಬಂದವನು ಅಸಲಿ ಎಂದರು. ಅವನು ಕುಂಟುತ್ತಿದ್ದ, ನಕಲಿಗೆ ನೋವೆಲ್ಲಿಂದ ಬರಬೇಕು? ಹತ್ತಿ ವ್ಯಾಪಾರದವರೊಬ್ಬರು ಒಪ್ಪಲಿಲ್ಲ. ತನ್ನ ಸ್ವಂತ ಮನೆಯ ಬಾಗಿಲನ್ನು ಅಷ್ಟು ಮರ್ಯಾದೆಯಿಂದ ಬಡಿಯುವ ಗಂಡಸನ್ನು ತಾವು ಕಂಡಿಲ್ಲ, ಅವನು ನಕಲಿಯೇ ಎಂದರು. ಸಿನಿಮಾ ನೋಡದವರೂ ಎರಡು ಪಕ್ಷವಾದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಮಾಸ್ತರ ಪರ ನಿಂತ.

ನನಗೆ ಏನಾಯಿತೋ ಗೊತ್ತಿಲ್ಲ. ಮೂರು ತಿಂಗಳಿಂದ ತಲೆಯ ಮೇಲಿನ ಸೆರಗು ಸರಿಸದವಳು ಬಾಯಿ ಹಾಕಿದೆ.

"ಆಕೀಗಿ ಗೊತ್ತಿತ್ರಿ. ಅವಾ ನಕಲಿ ಅಂತ ಗೊತ್ತಿದ್ದೇ ಬಾಗಿಲಾ ತೆಗದಾಳ."

ಗಂಡ ಕಿಟಕಿಯ ಕಡೆ ತಿರುಗಿದರು. ಅತ್ತೆ ಮಾತ್ರ ನನ್ನನ್ನು ಆಗಲೇ ಮೊದಲ ಸಲ ನೋಡುವವರ ಹಾಗೆ ನೋಡಿ, "ಯಾಕ?" ಎಂದರು. ನಕಲಿಯವನು ಅವಳ ಮಾತನ್ನು ಕೇಳಿಸಿಕೊಳ್ಳುತ್ತಿದ್ದ, ಅಸಲಿಯವನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ ಎಂದೆ. ಅಲ್ಲಿಂದ ಹುಣಸಗಿ ಮುಟ್ಟುವವರೆಗೂ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಮಾತಾಡಿದೆವು.

ಮರುದಿನ ಬೆಳಿಗ್ಗೆ ಅತ್ತೆ ಮಗನ ಪರೀಕ್ಷೆಗೆ ಇಳಿದರು. ಚಿಕ್ಕವನಿದ್ದಾಗ ಬಾವಿಗೆ ಬಿದ್ದಿದ್ದೆಯಲ್ಲ, ಆಗ ನಿನ್ನ ಕೈಯಲ್ಲಿ ಏನಿತ್ತು ಎಂದರು. ಗಂಡ ಹಲ್ಲುಜ್ಜುತ್ತಲೇ ಸುಟ್ಟ ಜೋಳದ ತೆನೆ ಎಂದರು. ಅತ್ತೆಯ ಮುಖ ಕಳೆಗುಂದಿತು. ಅವರ ಪ್ರಕಾರ ಅದು ಬೆಲ್ಲದ ಉಂಡೆ. ಮೇಲೆತ್ತಿದಾಗ ಮುಷ್ಟಿ ಅಂಟಂಟಾಗಿತ್ತು. ತೆನೆ, ಬೆಲ್ಲ ಎಂದು ಚಹಾ ಆರುವವರೆಗೆ ವಾದ ನಡೆಯಿತು. ಕೊನೆಗೆ ಗಂಡ ಬೇಸತ್ತು ಅಂದರು:

"ಹಂಗಾರ ನೀನಽ ನಕಲಿ ಇರಬೇಕು ನೋಡವ್ವ."

ಅತ್ತೆ ಆರಿದ ಚಹಾವನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದರು. ಅದರ ಮರುದಿನ ಮೊದಲ ಬಸ್ಸಿಗೆ ಸಗರಕ್ಕೆ ಹೋದರು. ಅಲ್ಲಿ ಅವರ ನಾದಿನಿ ಇದ್ದರು. ಅಂದು ಮಗುವನ್ನು ಮೇಲೆತ್ತಿದವರು ಅವರೇ. ಸಂಜೆ ಮರಳಿದ ಅತ್ತೆ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತರು. ಮಗು ಬಾವಿಗೆ ಬಿದ್ದೇ ಇಲ್ಲ, ಬಿದ್ದದ್ದು ದನದ ಗೋದಲಿಯಲ್ಲಿ, ಕೈಯಲ್ಲಿ ಏನೂ ಇರಲಿಲ್ಲ, ಬಾಯಲ್ಲಿ ಹುಲ್ಲಿತ್ತು ಎಂದು ನಾದಿನಿ ಹೇಳಿದ್ದರು.

"ಅಂದ್ರ ಮೂರೂ ಮಂದಿ ನಕಲಿ ಆದ್ರಿ," ಎಂದೆ. ಹೇಳಿದ ಮೇಲೆ ನನಗೇ ಭಯವಾಯಿತು. ಅತ್ತೆ ಒಂದು ಗಳಿಗೆ ನನ್ನನ್ನು ದಿಟ್ಟಿಸಿ, ಆಮೇಲೆ ನಗಲು ಶುರು ಮಾಡಿದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಒಳಗಿದ್ದ ಗಂಡ ಏನಾಯಿತೆಂದು ಓಡಿ ಬಂದರು, ಇಬ್ಬರೂ ಹೇಳಲಿಲ್ಲ.

ಆ ವಾರದ ಕೊನೆಗೆ ಕಾಲುವೆಗೆ ಮತ್ತೆ ನೀರು ಬಿಟ್ಟರು. ಬಟ್ಟೆ ಒಗೆಯುತ್ತ ಅತ್ತೆ ತಾವಾಗಿಯೇ ಮಾತು ತೆಗೆದರು. ದಿನವೂ ಬೇರೆ ನೀರು ಬರುತ್ತದೆ, ಆದರೂ ಅದೇ ಕಾಲುವೆ ಎನ್ನುತ್ತೇವಲ್ಲ, ಮನುಷ್ಯನೂ ಹಾಗೆಯೇ ಇರಬಹುದು ಎಂದರು. ಹಾಗಾದರೆ ಗೇಟು ಯಾವುದು ಎಂದು ಕೇಳಿದೆ. ಅದನ್ನು ನಿನ್ನ ಗಂಡನಿಗೆ ಕೇಳು, ಅದಕ್ಕಾಗಿಯೇ ಅವನನ್ನು ಇಟ್ಟುಕೊಂಡಿದ್ದಾರೆ ಎಂದರು.

ಮತ್ತೊಮ್ಮೆ ನೋಡಿದರೆ ತೀರ್ಮಾನವಾದೀತೆಂದು ಅತ್ತೆ ಕ್ಯಾಂಪಿನ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಶಹಾಪುರಕ್ಕೆ ಹೋದರು. ಅಷ್ಟರಲ್ಲಿ ಆ ಸಿನಿಮಾ ಎತ್ತಿ ಒಂದು ದೇವರ ಸಿನಿಮಾ ಹಾಕಿದ್ದರು. ಹೋದದ್ದಕ್ಕೆ ಅದನ್ನೇ ನೋಡಿ ಬಂದರು. ಉಳಿದವರು ಭಕ್ತಿಯಿಂದ ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಸ್ಸಿಳಿದರೆ ಅತ್ತೆ ಮುಖ ಗಂಟಿಕ್ಕಿಕೊಂಡಿದ್ದರು. ಹೇಗಿತ್ತು ಎಂದು ಕೇಳಿದೆ.

"ಛಲೋ ಇತ್ತು," ಎಂದರು. "ಖರೆ, ಮುಗದ ಮ್ಯಾಲ ಮಾತಾಡಾಕ ಏನೂ ಉಳೀಲಿಲ್ಲ ನೋಡು."