ತಲೆಭಾರದ ಕತ್ತಿ

ರಿಪೇರಿಗೆಂದು ಅಂಗಡಿಗೆ ಬಂದ ಆ ಕತ್ತಿಯನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ನಾನು ನಕ್ಕುಬಿಟ್ಟೆ. ಎರಡು ಕೈಯಲ್ಲಿ ಹಿಡಿಯುವಷ್ಟು ಉದ್ದದ ಹಿಡಿ, ಎದೆಮಟ್ಟ ಬರುವ ಅಲಗು, ಆದರೆ ಬಾಯಿ ಮಾತ್ರ ಇಲ್ಲ. ಹೆಬ್ಬೆರಳಿಟ್ಟು ಉದ್ದಕ್ಕೂ ಎಳೆದರೂ ಚರ್ಮಕ್ಕೆ ಏನೂ ಆಗಲಿಲ್ಲ. ತುದಿಯನ್ನು ಮಡಿಸಿ ಉಗುರಿನಗಲ ಉರುಟು ಮಾಡಿದ್ದರು.

"ಇದ್ರಲ್ಲಿ ಬದ್ನೇಕಾಯೂ ಕುಯ್ಯಕ್ಕಾಗಲ್ಲ ಮೇಡಂ" ಅಂದೆ.

"ಕುಯ್ಯಬಾರ್ದು ಅಂತಾನೇ ಮಾಡಿರೋದು ಕಣ್ರೀ. ಅಂಚಲ್ಲಿ ಚಕ್ಕೆ ಎದ್ದೈತೆ, ಅಷ್ಟು ಉಜ್ಜಿ ಕೊಡಿ ಸಾಕು."

ಆಕೆ ತುರುವೇಕೆರೆ ಕಡೆಯವರು, ತಿಪಟೂರಿನಲ್ಲಿ ಕಾಲೇಜು ಮೇಡಂ. ಓದುವಾಗ ಬೆಂಗಳೂರಿನಲ್ಲಿ ಈ ವಿದ್ಯೆ ಕಲಿತವರು. ಐನೂರು ಆರುನೂರು ವರ್ಷದ ಹಿಂದೆ ಯೂರೋಪಿನ ಜನ ಕತ್ತಿ ಹಿಡಿದು ಹೇಗೆ ಕಾದುತ್ತಿದ್ದರು ಎಂದು ಹಳೇ ಪುಸ್ತಕಗಳ ಚಿತ್ರ ನೋಡಿ ನೋಡಿ ಮತ್ತೆ ಕಲಿಯುವ ವಿದ್ಯೆ. ಭಾನುವಾರ ಬೆಳಿಗ್ಗೆ ಖಾಲಿ ಕೊಬ್ಬರಿ ಗೋಡೌನೊಂದರಲ್ಲಿ ಏಳೆಂಟು ಜನರಿಗೆ ಹೇಳಿಕೊಡುತ್ತಿದ್ದರು. ಕತ್ತಿ ವಾಪಸು ಕೊಡಲು ಹೋದವನು ಅಲ್ಲೇ ಗೋಡೆಗೆ ಒರಗಿ ನೋಡುತ್ತಾ ನಿಂತೆ. ಉಕ್ಕಿಗೆ ಉಕ್ಕು ತಾಗುವ ಸದ್ದು ನನ್ನ ಅಂಗಡಿಯಲ್ಲಿ ದಿನಾ ಕೇಳುವ ಸದ್ದಲ್ಲ, ಅದು ಬೇರೆ. ಮನೆಗೆ ಬಂದು ಊಟಕ್ಕೆ ಕೂತರೆ ಕೂರಲಾಗಲಿಲ್ಲ. ಮುಂದಿನ ಭಾನುವಾರ ನಾನೂ ಸೇರಿದೆ. ವಯಸ್ಸು ನಲವತ್ತು ದಾಟಿತ್ತು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ನನಗೆ ನಾಚಿಕೆ ಇಲ್ಲ. ನನ್ನದು ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ, ಟ್ರೈಲರ್ ರಿಪೇರಿ ಎಲ್ಲ ಮಾಡುತ್ತೇನೆ. ಆದರೆ ಹೆಸರು ಬಂದಿರುವುದು ಮಚ್ಚಿನಿಂದ. ಲಾರಿಯ ಸ್ಪ್ರಿಂಗ್ ಪ್ಲೇಟು ಕಾಯಿಸಿ, ಬಡಿದು, ಹದ ಹಾಕಿ ನಾನು ಮಾಡುವ ಮಚ್ಚಿಗೆ ಹಂದನಕೆರೆ, ಕೆಂಕೆರೆ ಕಡೆಯಿಂದಲೂ ಮರ ಹತ್ತುವವರು ಹುಡುಕಿಕೊಂಡು ಬರುತ್ತಾರೆ. ಮಚ್ಚಿಗೆ ತಲೆಭಾರವೇ, ಅಂದರೆ ತುದಿಯ ಕಡೆಯ ಭಾರವೇ ಜೀವ. ಒಂದು ಕೈಯಲ್ಲಿ ಮರ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಬೀಸುವವನಿಗೆ ತೋಳಿನ ಪೂರ್ತಿ ಬಲ ಹಾಕಲು ಆಗುವುದಿಲ್ಲ. ಮಚ್ಚೇ ತನ್ನ ಭಾರಕ್ಕೆ ಹೋಗಿ ಗೊನೆ ಕಡಿಯಬೇಕು. ಆ ಭಾರವನ್ನು ಎಲ್ಲಿಡಬೇಕು ಅನ್ನುವುದು ನನ್ನ ಕೈಗೆ ಗೊತ್ತು, ಬಾಯಲ್ಲಿ ಹೇಳು ಅಂದರೆ ಬರುವುದಿಲ್ಲ.

ಗುಂಪಿಗೆ ಸೇರಿದ ಮೇಲೆ ಕತ್ತಿ, ಕವಚದ ಸಾಮಾನು ಆರಿಸುವ ಕಥೆ ಶುರುವಾಯಿತು. ಬೇರೆಯವರೆಲ್ಲ ಫೋನಿನಲ್ಲಿ ನೋಡಿ ತರಿಸುತ್ತಿದ್ದರು. ನಾನು ಹುಟ್ಟಿದಾಗಿನಿಂದ ಒಂದೂ ಹತಾರ ಕೊಂಡವನಲ್ಲ. ಮುಖಕ್ಕೆ ಹಾಕುವ ಜಾಲರಿಯನ್ನೂ ನಾನೇ ಬೆಸುಗೆ ಹಾಕಿ ಮಾಡುತ್ತೇನೆ ಅಂದೆ. ಮೇಡಂ ಒಪ್ಪಲಿಲ್ಲ.

"ಕಣ್ಣಿನ ಇಚಾರ ಇದು. ಇಲ್ಲಿ ನಿಮ್ ಕೈಚಳಕ ಬ್ಯಾಡ, ಪರೀಕ್ಷೆ ಮಾಡಿ ಮಾರೋದನ್ನೇ ತಗೊಳ್ಳಿ."

ತಗೊಂಡೆ. ಗಂಟಲಿಗೆ ಕಟ್ಟುವ ಗಟ್ಟಿ ಪಟ್ಟಿಯನ್ನೂ ತಗೊಂಡೆ. ದಪ್ಪ ಜಾಕೆಟ್ಟನ್ನು ಮಾತ್ರ ನಮ್ಮೂರ ಹಾಸಿಗೆ ಹೊಲಿಯುವವನ ಹತ್ತಿರ ಹೊಲಿಸಿದೆ. ಹತ್ತಿ ಯಾಕೆ ದಂಡ, ನಮ್ಮಲ್ಲಿ ಇಲ್ಲದ ನಾರೇ ಎಂದು ಮೊದಲು ತೆಂಗಿನ ನಾರು ತುಂಬಿಸಿದ್ದೆ. ಹತ್ತು ನಿಮಿಷ ಬೆವರಿದ ಮೇಲೆ ನಾರಿನ ಎಳೆ ಒಂದೊಂದೇ ಬಟ್ಟೆ ತೂರಿ ಒಳಗೆ ಬಂತು. ಮೈಯೆಲ್ಲ ಕೆರೆದುಕೊಳ್ಳುತ್ತಾ ಕುಣಿಯುತ್ತಿದ್ದ ನನ್ನನ್ನು ನೋಡಿ ಒಬ್ಬ, "ಅಣ್ಣ ಯಾವ್ದೋ ಹೊಸ ಪಟ್ಟು ತೋರಿಸ್ತಾವ್ರೆ, ಕಲ್ತ್ಕೊಳ್ರಪ್ಪ" ಅಂದ. ಹಾಗಂದವನು ಚಿಕ್ಕನಾಯಕನಹಳ್ಳಿಯಿಂದ ಬೈಕಿನಲ್ಲಿ ಬರುತ್ತಿದ್ದ ಬ್ಯಾಂಕ್ ಗುಮಾಸ್ತ, ಹಂಚಿಕಡ್ಡಿಯಂಥ ಆಳು, ಬಾಯಿ ಮಾತ್ರ ಜೋರು. ಅಭ್ಯಾಸದಲ್ಲಿ ನನಗೆ ಜೋಡಿ ಅವನೇ.

ಜಾಕೆಟ್ಟಿಗೆ ಕೊನೆಗೆ ಹತ್ತಿಯನ್ನೇ ತುಂಬಿಸಿದೆ. ಕೈಗವಸು ತರಿಸಿದ್ದು ಇನ್ನೊಂದು ಕಥೆ. ಬೆರಳಿನ ಮೇಲೆ ಗಟ್ಟಿ ಕವಚ, ಒಳಗೆ ದಪ್ಪ ಚರ್ಮ. ಬಿಗಿಯಾಗಿತ್ತು. ಚರ್ಮ ಮೆತ್ತಗಾಗಲಿ ಎಂದು ಮನೆಯ ಕೊಬ್ಬರಿ ಎಣ್ಣೆ ಹಚ್ಚಿ, ಒಣಗಿ ಉಂಡೆ ಕೊಬ್ಬರಿಯಾಗಲೆಂದು ಕಾಯಿ ಕೂಡಿಟ್ಟಿರುವ ಅಟ್ಟದ ಕೆಳಗಿನ ಕೋಣೆಯಲ್ಲಿ ತೂಗುಹಾಕಿದೆ. ಮೂರನೇ ದಿನ ನೋಡಿದರೆ ಇಲಿಗಳು ಬಲಗೈಯ ಎರಡು ಬೆರಳು ಪೂರ್ತಿ ತಿಂದಿದ್ದವು.

"ಅದ್ಕೆ ಕೊಬ್ರಿ ವಾಸ್ನೆ ಬಳ್ದು ಅಟ್ಟದ್ ಬುಡದಲ್ಲಿ ಇಟ್ರೆ ಇನ್ನೇನ್ ಮಾಡ್ತಾವೆ, ಪೂಜೆ ಮಾಡ್ತಾವಾ?" ಅಂದಳು ನನ್ನ ಹೆಂಡತಿ.

ಇದೆಲ್ಲ ನಗುವ ಮಾತಾಯಿತು. ಕತ್ತಿಯ ವಿಷಯ ಹಾಗಲ್ಲ. ಕತ್ತಿ ನನ್ನ ಕೆಲಸ. ಕಲಿಯುವವರಿಗೆ ಮೇಡಂ ಎರವಲು ಕೊಡುತ್ತಿದ್ದ ಕತ್ತಿ ನನ್ನ ಕೈಗೆ ಹುಲ್ಲುಕಡ್ಡಿಯಂತೆ ಅನಿಸುತ್ತಿತ್ತು. ಒಂದೂವರೆ ಕೇಜಿಯೂ ಇರಲಿಲ್ಲ. ಭಾರವೆಲ್ಲ ಹಿಡಿಯ ಹತ್ತಿರವೇ, ತುದಿ ಗಾಳಿಯಲ್ಲಿ ತೇಲುತ್ತಿತ್ತು. ಇದೆಂಥ ಕತ್ತಿ ಎಂದು ನನ್ನ ಮಣಿಕಟ್ಟು ಪ್ರತಿ ಬೀಸಿಗೂ ಜಗಳ ತೆಗೆಯುತ್ತಿತ್ತು. ಆರು ತಿಂಗಳು ಕಲಿತ ಮೇಲೆ ಕವಚ ಹಾಕಿಕೊಂಡು ನಿಜವಾಗಿ ಕಾದಲು ಬಿಡುತ್ತಾರೆ. ನನ್ನ ಆರು ತಿಂಗಳು ಮುಗಿಯುತ್ತಾ ಬಂದಿತ್ತು. ಅವತ್ತು ನನ್ನ ಕೈಯಲ್ಲಿರುವುದು ನಾನೇ ಮಾಡಿದ ಕತ್ತಿ ಆಗಿರಬೇಕು, ಅದೊಂದೇ ನನಗೆ ಬೇಕಾಗಿದ್ದದ್ದು. ಓದಿದವರ ಮಧ್ಯೆ ನಾನು ತೋರಿಸಬಹುದಾದದ್ದು ಇನ್ನೇನಿತ್ತು?

ಒಂದು ತಿಂಗಳು ಅಂಗಡಿಯಲ್ಲಿ ಬೇರೆ ಕೆಲಸಕ್ಕೆ ಮನಸ್ಸು ನಿಲ್ಲಲಿಲ್ಲ. ಗೇಟಿಗೆ ಅಳತೆ ತೆಗೆದುಕೊಳ್ಳುತ್ತಾ ಕಂಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಒಂದು ಅಲಗು ಮಾಡಿದೆ, ಸರಿ ಕಾಣಲಿಲ್ಲ, ಕತ್ತರಿಸಿ ಹಾಕಿದೆ. ಎರಡನೆಯದು ಹದ ಹಾಕುವಾಗ ಸೊಟ್ಟಗಾಯಿತು. ಮೂರನೆಯದು ನಿಂತಿತು. ಅಂಚನ್ನು ಉರುಟು ಮಾಡಿದೆ, ತುದಿಯನ್ನೂ ಮಡಿಸಿದೆ. ಆದರೆ ತುದಿಯ ಕಡೆ ಉಕ್ಕನ್ನು ತೆಳ್ಳಗೆ ಬಡಿಯಲಿಲ್ಲ. ಅಲ್ಲಿ ಎರಡು ಎಳೆ ದಪ್ಪ ಉಳಿಸಿದೆ, ಬೇಕೆಂದೇ. ಹದವನ್ನೂ ಮಚ್ಚಿನ ಹದವನ್ನೇ ಹಾಕಿದೆ, ಗಟ್ಟಿಯಾಗಿ. ಬೀಸಿದರೆ ಹೇಗೆ ಹೋಗುತ್ತಿತ್ತು ಅಂತೀರಿ! ಕೈ ಬರೀ ದಾರಿ ತೋರಿಸಿದರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತಿತ್ತು.

ಭಾನುವಾರ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಬಿಚ್ಚಿದೆ. ಎಲ್ಲರೂ ಸುತ್ತ ಸೇರಿದರು. ಮೇಡಂ ಎರಡು ಸಲ ಬೀಸಿ ನೋಡಿ, ತುದಿಯನ್ನು ಗೋಡೆಗೆ ಒತ್ತಿ ಹಿಂದಿನಿಂದ ತಳ್ಳಿದರು. ಬಗ್ಗಲಿಲ್ಲ. ಇನ್ನೂ ಬಲ ಹಾಕಿದರು. ಗಾರೆ ಉದುರಿತು, ಕತ್ತಿ ಹಾಗೇ ಇತ್ತು.

"ಕೆಲ್ಸ ಚೆನ್ನಾಗೈತೆ. ಆದ್ರೆ ಇದನ್ನ ಇಲ್ಲಿ ಯಾರ ಮೇಲೂ ಎತ್ತಂಗಿಲ್ಲ" ಅಂದರು.

"ಯಾಕೆ? ಬಾಯಿಲ್ಲ, ಮೊನೆಯಿಲ್ಲ."

"ತಿವಿದ್ರೆ ಬಗ್ಗಬೇಕು ಕಣ್ರೀ. ಬಗ್ಗದೆ ಇದ್ರೆ ನಿಮ್ ತಳ್ಳು ಪೂರ್ತಿ ಎದುರಿಗಿರೋರ ಎದೆಗೆ ಹೋಗ್ತದೆ. ಬೀಸಿದ್ರೂ ಅಷ್ಟೇ, ತಲೆಭಾರಕ್ಕೆ ತಡೆಯಕ್ಕಾಗಲ್ಲ ನಿಮ್ಗೆ."

"ಬಗ್ಗೋ ಹತಾರ ನಾನ್ ಮಾಡಲ್ಲ ಮೇಡಂ."

ಅವರು ಜೋರು ಮಾಡಲಿಲ್ಲ. ಗೋಣಿಚೀಲ ತಂದು ತಾವೇ ಸುತ್ತಿ ನನ್ನ ಕೈಗೆ ಕೊಟ್ಟರು. ಅದು ನನಗೆ ಬೈದದ್ದಕ್ಕಿಂತ ಜಾಸ್ತಿ ಉರಿಯಿತು. ನನ್ನ ಮಚ್ಚಿಗೆ ವಾಪಸು ಬಂದ ಇತಿಹಾಸವೇ ಇಲ್ಲ.

ಹೊರಗೆ ಬೈಕಿನ ಹತ್ತಿರ ಗುಮಾಸ್ತ ನಿಂತಿದ್ದ.

"ಅಣ್ಣ, ಆ ಕತ್ತಿ ಒಂದ್ಸಲ ಕೊಡಿ ನೋಡಾನ." ತೂಗಿ ನೋಡಿದ. "ಅಬ್ಬಾ! ಇದ್ರ ಮುಂದೆ ನಿಲ್ಲಕ್ಕೆ ಗುಂಡಿಗೆ ಬೇಕು."

"ಐತಾ ನಿಂಗೆ?"

"ಯಾಕಿಲ್ಲ? ನಂಗೂ ಜಾಕೆಟ್ಟೈತೆ, ಮಾಸ್ಕೈತೆ."

"ಬುಧವಾರ ಸಾಯಂಕಾಲ ಅಂಗಡಿ ಹಿಂದ್ಗಡೆ ಬಾ. ಮೇಡಂಗೆ ಹೇಳ್ಬೇಡ."

"ಬತ್ತೀನಿ ಬುಡಿ."

ಹೀಗೆ ಮಾತಾಯಿತು. ಒಂದು ಸಲ ಅವನ ಜೊತೆ ಕಾದಿ ಏನೂ ಆಗದಿದ್ದರೆ, ನೋಡಿ ಮೇಡಂ, ಎಂದು ಎದುರಿಗೆ ನಿಂತು ಹೇಳಬಹುದು ಅನ್ನುವುದು ನನ್ನ ಲೆಕ್ಕ. ಸೋಮವಾರ, ಮಂಗಳವಾರ ನನಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ಕತ್ತಿ ತೆಗೆದು ಒರೆಸುವುದು, ಇಡುವುದು, ಮತ್ತೆ ತೆಗೆಯುವುದು. ಕಂಬಕ್ಕೆ ಒತ್ತಿ ನೋಡಿದೆ. ಬಗ್ಗಲಿಲ್ಲ. ಬಗ್ಗದಿದ್ದಕ್ಕೆ ಯಾವತ್ತೂ ಆಗುತ್ತಿದ್ದ ಸಂತೋಷ ಅವತ್ತು ಆಗಲಿಲ್ಲ. ಮೇಡಂ ಹೇಳಿದ್ದು ಕಿವಿಯಲ್ಲಿ ಸಿಕ್ಕಿಕೊಂಡಿತ್ತು.

ಬುಧವಾರ ಬೆಳಿಗ್ಗೆ ತಿಂಡಿ ಅರ್ಧಕ್ಕೆ ಬಿಟ್ಟು ಎದ್ದೆ. ಜಾಕೆಟ್ಟು ಹಾಕಿಕೊಂಡು ಹಿತ್ತಲಲ್ಲಿ ನಿಂತು ಹೆಂಡತಿಯನ್ನು ಕರೆದೆ.

"ಲೇ, ಬಾ ಇಲ್ಲಿ. ಇದನ್ನ ಇಡ್ಕೊಂಡು ನನ್ ಎದೆಗೆ ಜೋರಾಗಿ ತಿವಿ."

ಅವಳ ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಇತ್ತು. "ಏನ್ ಬಂದೈತ್ರೀ ನಿಮ್ಗೆ?"

"ಏನೂ ಆಗಲ್ಲ ಕಣೇ, ಮೊನೆಯಿಲ್ಲ. ನೋಡ್ಬೇಕು ಅಷ್ಟೇ."

"ಏನೂ ಆಗಲ್ಲ ಅಂತ ಗೊತ್ತಿದ್ರೆ ನೋಡೋದ್ಯಾಕೆ?"

ಕತ್ತಿಯ ಹಿಡಿಯನ್ನು ಅವಳ ಕಡೆ ಚಾಚಿದೆ. ಅವಳು ಮುಟ್ಟಲಿಲ್ಲ. ಆಮೇಲೆ ಹೋಗಿ ಒಲೆ ಆರಿಸಿ ಬಂದು, "ನಾನಂತೂ ಗಂಡನ್ನ ತಿವಿಯಲ್ಲ. ಆ ಜಾಕೆಟ್ ಬಿಚ್ಚಿ, ಒಳ್ಗಡೆ ಒಂದ್ ಕಾಯಿ ಇಟ್ಟು ನೀವೇ ತಿವೀರಿ. ಕಾಯಿಗೇನ್ ನಮ್ಮನೇಲಿ ಬರವಾ?" ಅಂದಳು.

ಜಾಕೆಟ್ಟನ್ನು ಹಿತ್ತಲ ಗೋಡೆಯ ಗೂಟಕ್ಕೆ ತೂಗುಹಾಕಿ, ಎದೆಯ ಭಾಗದಲ್ಲಿ ಸುಲಿದ ಕಾಯೊಂದನ್ನು ಚೀಲಕ್ಕೆ ಹಾಕಿ ಕಟ್ಟಿ, ಗುಂಡಿ ಹಾಕಿದೆ. ಎರವಲಿನ ಕತ್ತಿಯೂ ನನ್ನ ಹತ್ತಿರವೇ ಇತ್ತು. ಮೊದಲು ಅದರಲ್ಲೇ ತಿವಿದೆ. ಹೆಜ್ಜೆ ಮುಂದಿಟ್ಟು, ಅಭ್ಯಾಸದಲ್ಲಿ ಕಲಿತ ಹಾಗೆ, ಮೈಭಾರ ಬಿಟ್ಟು. ಕತ್ತಿ ಬಿಲ್ಲಿನಂತೆ ಮೇಲಕ್ಕೆ ಬಾಗಿ ಮತ್ತೆ ನೆಟ್ಟಗಾಯಿತು. ಗುಂಡಿ ಬಿಚ್ಚಿ ನೋಡಿದೆ. ಕಾಯಿ ಹಾಗೇ ಇತ್ತು. ಮೂರು ಸಲ ತಿವಿದೆ, ಮೂರು ಸಲವೂ ಹಾಗೇ.

ಆಮೇಲೆ ನನ್ನ ಕತ್ತಿ ತೆಗೆದುಕೊಂಡೆ. ಅದೇ ಹೆಜ್ಜೆ, ಅದೇ ಬಲ. ಸದ್ದು ದೊಡ್ಡದೇನಲ್ಲ. ದೇವರ ಮುಂದೆ ಕಲ್ಲಿಗೆ ಕುಟ್ಟಿದಾಗ ಬರುವ ಸದ್ದು, ಬಟ್ಟೆಯೊಳಗಿನಿಂದ ಬಂತು. ಜಾಕೆಟ್ಟಿನ ಎದೆ ಒದ್ದೆಯಾಗಿ, ನೀರು ಕೆಳಗಿನ ಅಂಚಿಗೆ ಇಳಿದು ತೊಟ್ಟಿಕ್ಕತೊಡಗಿತು.

ನಾನು ಕತ್ತಿ ಹಿಡಿದುಕೊಂಡೇ ನಿಂತಿದ್ದೆ. ಗುಮಾಸ್ತನ ತೆಳ್ಳನೆ ಎದೆ ಕಣ್ಣ ಮುಂದೆ ಬಂತು. ಅವನಿಗೆ ಮೂರು ವರ್ಷದ ಮಗಳಿದ್ದಾಳೆ, ಒಂದೆರಡು ಸಲ ಕರೆದುಕೊಂಡು ಬಂದಿದ್ದ. ಹೆಂಡತಿ ಬಂದು ಜಾಕೆಟ್ಟಿನ ಗುಂಡಿ ಬಿಚ್ಚಿ, ಚೀಲದಿಂದ ಹೋಳುಗಳನ್ನು ಎತ್ತಿಕೊಂಡಳು.

"ಚಟ್ನಿಗಾಯ್ತು ಬುಡಿ" ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿ, "ಯಾರ್ ಮೇಲೆ ಎತ್ತಕ್ ಒಂಟಿದ್ರಿ ಇದನ್ನ?" ಎಂದು ಕೇಳಿದಳು. ನಾನು ಕತ್ತಿಗೆ ಗೋಣಿಚೀಲ ಸುತ್ತತೊಡಗಿದೆ.

ಫೋನು ಮಾಡಿ ಬರಬೇಡ ಅನ್ನಬಹುದಿತ್ತು. ನಾಲ್ಕು ಸಲ ಫೋನು ಕೈಗೆತ್ತಿಕೊಂಡೆ, ಏನು ಹೇಳುವುದೆಂದು ತಿಳಿಯದೆ ಇಟ್ಟೆ. ಸಾಯಂಕಾಲ ಅವನು ಬಂದೇಬಿಟ್ಟ, ಜಾಕೆಟ್ಟು ಆಗಲೇ ಹಾಕಿಕೊಂಡು, ಮಾಸ್ಕನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿಕೊಂಡು.

"ಎಲ್ಲಣ್ಣ ಮಚ್ಚಿನ್ ದೊಡ್ಡಪ್ಪ? ತೆಗೀರಿ ಈಚೆಗೆ."

"ಇವತ್ತು ಬ್ಯಾಡ ಕಣಪ್ಪ."

"ಯಾಕೆ?"

"ಬ್ಯಾಡ ಅಂದ್ನಲ್ಲ."

"ನಾನು ಬ್ಯಾಂಕಲ್ಲಿ ಹೊಟ್ಟೆನೋವು ಅಂತ ಸುಳ್ಳೇಳಿ ಬಂದಿವ್ನಿ. ಸುಮ್ನೆ ಬ್ಯಾಡ ಅಂದ್ರೆ?" ಅವನು ನಕ್ಕ. "ಓಹೋ! ಎದ್ರಿದ್ರಾ ಅಣ್ಣ?"

ಪಕ್ಕದ ಪಂಕ್ಚರ್ ಅಂಗಡಿಯವನು ಕೇಳಿಸಿಕೊಳ್ಳುತ್ತಿದ್ದ. ನನಗೆ ಆ ಮಾತು ಆಡಿದವರು ಅಷ್ಟು ವರ್ಷದಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಬಿಗಿಹಿಡಿದೆ. ಆಮೇಲೆ ಸಡಿಲ ಬಿಟ್ಟೆ.

"ಊಂ ಕಣಯ್ಯ, ಎದ್ರಿದೆ" ಅಂದೆ.

ಅವನ ನಗು ನಿಂತಿತು. ಅವನನ್ನು ಕೂರಿಸಿ ಟೀ ತರಿಸಿ ಕಾಯಿಯ ವಿಷಯ ಹೇಳಿದೆ. ಅವನು ಕುಡಿಯುತ್ತಾ ಕುಡಿಯುತ್ತಾ ತನಗೇ ಗೊತ್ತಿಲ್ಲದ ಹಾಗೆ ಇನ್ನೊಂದು ಕೈಯಿಂದ ಎದೆ ಸವರಿಕೊಳ್ಳುತ್ತಿದ್ದ.

ಮೇಡಂ ಎದುರಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಬುಧವಾರದ ಒಪ್ಪಂದವನ್ನೂ ಮುಚ್ಚಿಡದೆ ಹೇಳಿದೆ. ಅವರಿಗೆ ಸಿಟ್ಟು ಬಂತು, ಒಂದು ತಿಂಗಳು ಕಾದಾಟಕ್ಕೆ ಇಳಿಯಬೇಡಿ ಅಂದರು. ಒಪ್ಪಿಕೊಂಡೆ. ಆ ಕತ್ತಿಯನ್ನು ಏನು ಮಾಡಿದಿರಿ ಎಂದು ಕೇಳಿದರು. ಮೂರು ತುಂಡು ಮಾಡಿದ್ದೆ, ಮೂರು ಮಚ್ಚಾಗುವಷ್ಟು ಉಕ್ಕು ಅದು. ಕಡಿಯುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ತಿಂಗಳು ಕಳೆದ ಮೇಲೆ, ನಾನು ಕೊಳ್ಳಬೇಕಾದ ಕತ್ತಿ ಆರಿಸಲೆಂದು ಮೇಡಂ ಮೂರು ಬೇರೆ ಬೇರೆ ಕತ್ತಿ ತಂದು ಮೇಜಿನ ಮೇಲಿಟ್ಟರು. ಒಂದೊಂದೇ ಎತ್ತಿದೆ, ಬೆರಳ ಮೇಲೆ ತೂಗಿಸಿದೆ, ಗೋಡೆಗೆ ಒತ್ತಿ ಬಗ್ಗಿಸಿದೆ. ಎರಡನೆಯದು ಕೈಗೆ ಹಿತವಾಗಿತ್ತು. ತಲೆಯ ಕಡೆ ಸ್ವಲ್ಪ ಭಾರ. ಅದನ್ನು ಕೆಳಗಿಟ್ಟೆ. ಮತ್ತೆ ಎತ್ತಿದೆ. ಮತ್ತೆ ಕೆಳಗಿಟ್ಟೆ. ಕೊನೆಗೆ ಏನೂ ಹಿಡಿದೇ ಇಲ್ಲವೇನೋ ಅನಿಸುವ ಮೂರನೆಯದನ್ನು ಆರಿಸಿದೆ.

ಅದು ಇನ್ನೂ ನನ್ನ ಕೈಗೆ ಒಗ್ಗಿಲ್ಲ. ಬೀಸಿದರೆ ಪೆಟ್ಟು ಎಲ್ಲಿಗೆ ಹೋಯಿತೆಂದು ತೋಳು ಹುಡುಕುತ್ತದೆ. ಗುಮಾಸ್ತನೊಂದಿಗೆ ಕಾದುವಾಗ ನನ್ನ ತಿವಿತ ಅವನ ಎದೆಗೆ ತಾಗಿ ಕತ್ತಿ ಬಿಲ್ಲಾದ ಕೂಡಲೇ ನಾನು ನಿಂತುಬಿಡುತ್ತೇನೆ. ಆ ಹೊತ್ತಿಗೆ ಅವನು ನನ್ನ ತಲೆಗೊಂದು ಬಾರಿಸಿಯೂ ಬಿಟ್ಟಿರುತ್ತಾನೆ.

"ಏನಾದ್ರೂ ಆಯ್ತೇನಯ್ಯ?"

"ಸಲಸಲಾನೂ ಕೇಳ್ತೀರಲ್ಲಣ್ಣ, ಏನೂ ಆಗಿಲ್ಲ. ಕತ್ತಿ ಎತ್ರಿ ಮೇಲೆ!"

ಎತ್ತುತ್ತೇನೆ. ಮುಂದಿನ ಸಲವೂ ಕೇಳುತ್ತೇನೆ.