ಬೆಟಗೇರಿಯ ಮೊದಲ ಗಿರಾಕಿ

ಬೆಟಗೇರಿಗೆ ಬಂದ ಹೊಸದರಲ್ಲಿ ಒಂದು ದಿನ ಸಕ್ಕರೆ, ಚಹಾಪುಡಿ ತೆಗೆದುಕೊಂಡು ಅಂಗಡಿಯಿಂದ ಹೊರಟಿದ್ದೆ. ಬೀದಿಯ ತಿರುವು ದಾಟುವಷ್ಟರಲ್ಲಿ ಹಿಂದೆ ಯಾರೋ ಓಡಿಬರುವ ಸಪ್ಪಳವಾಯಿತು. ತಿರುಗಿದರೆ ಅಂಗಡಿಯವರ ಸೊಸೆ ರುಬೀನಾ. ಅವಳ ಕೈಯಲ್ಲಿ ನನ್ನ ಫೋನು.

"ಅಮ್ಮಾರ, ರೊಕ್ಕದ ಕೂಡ ಫೋನೂ ನಮಗ ಕೊಟ್ಟು ಹೊಂಟ್ರೇನು?" ಎಂದಳು, ಏದುಸಿರು ಬಿಡುತ್ತ.

ನಂದಿನೀ, ಪವನಾ, ಮೊಮ್ಮಕ್ಕಳಾದ ನೀವು ನಗುತ್ತೀರಿ, ಗೊತ್ತು. ಆದರೆ ನಮ್ಮೂರು ಶಿಗ್ಲಿಯಲ್ಲಿ ನಾನು ಒಮ್ಮೆಯೂ ಅಂಗಡಿಯವರ ಕೈಗೆ ರೊಕ್ಕ ಕೊಟ್ಟವಳಲ್ಲ. ನಮ್ಮ ಓಣಿಯ ಹೆಂಗಸರು ನೋಟನ್ನು ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಳ್ಳುತ್ತೇವೆ. ಅಂಗಡಿಯವರು ಎತ್ತಿಕೊಳ್ಳುತ್ತಾರೆ, ಚಿಲ್ಲರೆಯನ್ನೂ ಅಲ್ಲೇ ಇಡುತ್ತಾರೆ. ಅವತ್ತು ನಾನು ಫೋನನ್ನು ಆ ಸಣ್ಣ ಯಂತ್ರಕ್ಕೆ ತಾಗಿಸಿಟ್ಟೆ, ಅದು ಕುಂಯ್ ಎಂದಿತು, ಚೀಲ ಹಿಡಿದು ಹೊರಟೆ. ಅಂಗಡಿಯಲ್ಲಿ ಇಟ್ಟದ್ದನ್ನು ತಿರುಗಿ ಎತ್ತಿಕೊಳ್ಳುವುದು ನನ್ನ ಕೈಗೆ ಗೊತ್ತಿರಲಿಲ್ಲ.

ಇಲ್ಲಿ ಇದಕ್ಕೆ 'ಟ್ಯಾಪ್ ಮಾಡೋದು' ಅನ್ನುತ್ತಾರೆ. ಶಿಗ್ಲಿಯ ಅಂಗಡಿಗಳಲ್ಲಿ ಗೋಡೆಗೆ ಅಂಟಿಸಿರುವ ಚೌಕುಳಿ ಚಿತ್ರದ ಫೋಟೊ ತೆಗೆಯಬೇಕಲ್ಲ, ಇಲ್ಲಿ ಅದೂ ಬೇಡ. ಫೋನಿನ ಬೀಗ ತೆಗೆದು ಯಂತ್ರದ ಹತ್ತಿರ ಹಿಡಿದರೆ ಸಾಕು. ನಿಮ್ಮಪ್ಪ ತನ್ನ ಹಳೆಯ ಫೋನು ಕೊಟ್ಟು, ನನ್ನ ಬ್ಯಾಂಕಿನ ಕಾರ್ಡನ್ನು ಅದರೊಳಗೆ ಕೂಡಿಸಿಕೊಟ್ಟಿದ್ದ. ಕೊಡುವಾಗ ಒಂದು ಮಾತನ್ನೂ ಸೇರಿಸಿದ್ದ. ನಿನ್ನ ಸಂತೆ ನೀನೇ ಮಾಡಿಕೊಳ್ಳಬೇಕು, ಗಿರಿಜಾ ಚಿಕ್ಕವ್ವನಿಗೆ ಹೊರೆಯಾಗಬಾರದು, ಆಗದಿದ್ದರೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು.

ನನಗೆ ವಾಪಸು ಹೋಗುವ ಮನಸ್ಸಿರಲಿಲ್ಲ. ನಿಮ್ಮಜ್ಜ ಹೋದ ಮೇಲೆ ಶಿಗ್ಲಿಯ ಮನೆಯಲ್ಲಿ ನನಗೆ ಊಟ, ಹಾಸಿಗೆ, ಮರ್ಯಾದೆ ಯಾವುದಕ್ಕೂ ಕಡಿಮೆ ಇರಲಿಲ್ಲ. ಕೆಲಸ ಮಾತ್ರ ಇರಲಿಲ್ಲ. ಯಾರಾದರೂ ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ, ಅವರು ಹೋದ ಮೇಲೆ ಹೊರಗೆ ಬರುತ್ತಿದ್ದೆ. ನನ್ನ ತಂಗಿ ಗಿರಿಜಾ ನೇಯುವ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವರು ಬೇಕು ಎಂದಾಗ, ತವರಿನಲ್ಲಿ ಕಲಿತ ಆ ಕೆಲಸ ಕೈಗೆ ನೆನಪಾಯಿತು. ಲಾಳಿಯೊಳಗೆ ಕೂಡಿಸುವ ಸಣ್ಣ ಕೋಲಿಗೆ ನೂಲು ಸುತ್ತುವುದು, ಅಷ್ಟೇ. ಗಿರಿಜಾಳ ಮನೆಯ ಪಕ್ಕದ ಖೋಲಿ ಖಾಲಿ ಇತ್ತು. ಬಂದೆ.

ಶಿಗ್ಲಿಯಲ್ಲಿ ಬೆಳಗಾದರೆ ಹಕ್ಕಿಯ ದನಿ, ಟ್ರ್ಯಾಕ್ಟರಿನ ದನಿ. ಇಲ್ಲಿ ಮಗ್ಗದ ಕಟಕಟ. ಅಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಯಾರ ಮನೆಯದೆಂದು ಹೇಳುತ್ತಿದ್ದೆ. ಇಲ್ಲಿ ಗೋಡೆಯಾಚೆ ಯಾರಿದ್ದಾರೆಂದು ತಿಳಿಯಲು ಬಹಳ ದಿನ ಬೇಕಾಯಿತು. ಮಧ್ಯಾಹ್ನ ಒಬ್ಬಳೇ ಉಣ್ಣುವಾಗ ತಟ್ಟೆಯ ಸಪ್ಪಳ ದೊಡ್ಡದಾಗಿ ಕೇಳಿ, ಅನ್ನ ಕಲಸುವುದನ್ನೂ ಮೆಲ್ಲಗೆ ಮಾಡುತ್ತಿದ್ದೆ.

ತೊಡಕಾದದ್ದು ಬೆಳಗಿನ ಹೊತ್ತು. ಸಂಜೆ ಕೆಲಸ ಮುಗಿಯುವಷ್ಟರಲ್ಲಿ ಅಂಗಡಿಯಲ್ಲಿ ಕಾಲಿಡಲಾಗದಷ್ಟು ಗಂಡಸರ ಗದ್ದಲ. ಹಾಲು, ತರಕಾರಿ ಏನಿದ್ದರೂ ಅಂಗಡಿ ತೆರೆದ ಕೂಡಲೇ ತಂದು ಮಗ್ಗದ ಮನೆಗೆ ಓಡಬೇಕು. ಆದರೆ ಅದು ಬೋಣಿಗೆಯ ಹೊತ್ತು. ದಿನದ ಮೊದಲ ವ್ಯಾಪಾರಕ್ಕೆ ಬೋಣಿಗೆ ಅನ್ನುತ್ತಾರೆ. ಆ ರೊಕ್ಕವನ್ನು ಅಂಗಡಿಯವರು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕುತ್ತಾರೆ. ಗಂಡ ಸತ್ತವಳ ಕೈಯಿಂದ ಬೋಣಿಗೆಯಾದರೆ ದಿನವೆಲ್ಲ ವ್ಯಾಪಾರ ಆಗುವುದಿಲ್ಲ ಅನ್ನುವ ನಂಬಿಕೆ. ಶಿಗ್ಲಿಯಲ್ಲಿ ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಮೊದಲು ಹೋದರೆ ಅಂಗಡಿಯವರು ಮುಖ ಆ ಕಡೆ ಮಾಡಿ ತಕ್ಕಡಿ ಒರೆಸುತ್ತಿದ್ದರು. ಅಷ್ಟರಿಂದಲೇ ಕಲಿತೆ.

ಹೀಗಾಗಿ ಇಲ್ಲೂ ಎದುರಿನ ದರ್ಜಿ ಅಂಗಡಿಯ ಮುಚ್ಚಿದ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಬೇರೆ ಯಾರಾದರೂ ಮೊದಲು ಹೋಗಲಿ ಎಂದು ಕಾಯುತ್ತಿದ್ದೆ. ಕೆಲವು ದಿನ ಯಾರೂ ಬೇಗ ಬರುತ್ತಿರಲಿಲ್ಲ. ಕೆಲಸಕ್ಕೆ ತಡವಾಗುತ್ತಿತ್ತು. ಮಗ್ಗದ ಮಾಲೀಕರು ಗಿರಿಜಾಳ ಮುಂದೆ ಗೊಣಗಿದರು. ಅವಳು ಬಂದು, "ಅಕ್ಕಾ, ಹಿಂಗಾದ್ರ ಬ್ಯಾರೆಯವರನ್ನ ನೋಡತಾರ. ಬೆಳಿಗ್ಗೆ ಎಲ್ಲಿ ನಿಂದರತಿ ನೀನು?" ಎಂದು ಕೇಳಿದಳು. ಹೇಳಲು ನಾಚಿಕೆಯಾಗಿ, ನಾಳೆಯಿಂದ ಬೇಗ ಬರುತ್ತೇನೆ ಎಂದೆ.

ಆಮೇಲೆ ಫೋನು ನೋಡಿ ಒಂದು ವಿಚಾರ ಹೊಳೆಯಿತು. ಇದರಲ್ಲಿ ನೋಟಿಲ್ಲ. ನಾನು ಮುಟ್ಟಿದ್ದನ್ನು ಯಾರೂ ಮುಟ್ಟುವುದಿಲ್ಲ. ಕಣ್ಣಿಗೊತ್ತಿಕೊಳ್ಳಲು ಏನೂ ಇಲ್ಲ. ಅಂದ ಮೇಲೆ ಅದು ಬೋಣಿಗೆಯೇ ಅಲ್ಲ, ನನ್ನಿಂದ ಯಾರಿಗೂ ಕೇಡಿಲ್ಲ. ಮರುದಿನ ರುಬೀನಾ ಬಾಗಿಲು ತೆಗೆದ ಕೂಡಲೇ ತಲೆ ತಗ್ಗಿಸಿ ಒಳಗೆ ಹೋದೆ. ಕುಂಯ್ ಅಂದಿತು. ಫೋನು ಎತ್ತಿಕೊಳ್ಳುವುದನ್ನು ಮರೆಯಲಿಲ್ಲ. ಕೆಲಸಕ್ಕೆ ಎಲ್ಲರಿಗಿಂತ ಮೊದಲೇ ಮುಟ್ಟಿದೆ. ಅವತ್ತು ನಿಮ್ಮಪ್ಪನಿಗೆ ಫೋನು ಮಾಡಿ, ಕರೆದುಕೊಂಡು ಹೋಗಲು ಬರಬೇಡ ಎಂದೆ. ದನಿ ಜೋರಾಗಿತ್ತಂತೆ, ಅವನೇ ಹೇಳಿದ.

ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ರುಬೀನಾ ಇರಲಿಲ್ಲ. ಅವಳ ಮಾವ ಕೂತಿದ್ದರು. ಓಣಿಯವರೆಲ್ಲ ಅವರನ್ನು ಚಾಚಾ ಅನ್ನುತ್ತಾರೆ. ನಾನು ಫೋನು ಚಾಚಿದೆ. ಅವರು ಯಂತ್ರವನ್ನು ಅಂಗೈಯಿಂದ ಮುಚ್ಚಿದರು.

"ಮೊದಲನೇ ಗಿರಾಕಿ ಕೂಡ ನಾ ಈ ಕುಂಯ್‌ಕುಂಯ್ ಇಟ್ಟುಕೊಳ್ಳಂಗಿಲ್ಲ, ತಂಗಿ. ಸೊಸಿ ಬೇಕಾದ್ದು ಮಾಡಲಿ. ಬೋಣಿಗಿ ರೊಕ್ಕ ಕೈಯಾಗ ಕೊಡು."

ಹಾಲಿನ ಪಾಕೀಟು ಅಲ್ಲೇ ಬಿಟ್ಟು ಹೊರಟುಬಿಡಲೇ ಅನ್ನಿಸಿತು. ಹೋದರೆ ಮತ್ತೆ ಆ ದರ್ಜಿ ಅಂಗಡಿಯ ಬಾಗಿಲು, ಮತ್ತೆ ತಡ, ಕೊನೆಗೆ ಶಿಗ್ಲಿಯ ಒಳಕೋಣೆ. ಅದಕ್ಕೇ ಇದ್ದದ್ದನ್ನು ಹೇಳಿದೆ.

"ನಮ್ಮ ಮನಿಯವರು ಇಲ್ರೀ. ತೀರಕೊಂಡಾರ."

ಚಾಚಾ ನನ್ನನ್ನು ನೋಡಿದರು. ಆ ನಂಬಿಕೆ ಗೊತ್ತಿಲ್ಲದವರೇನಲ್ಲ ಅವರು.

"ನಮ್ಮ ಮನಿಯಾಕಿನೂ ಇಲ್ಲ," ಎಂದರು. "ಹಂಗಾರ ನಾ ದಿನಾ ಈ ಬಾಗಲಾ ತಗೀಬಾರದೇನು?"

ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಕಟ್ಟೆಯ ಮೇಲಿಟ್ಟೆ. ಅವರು ಎತ್ತಿಕೊಳ್ಳಲಿಲ್ಲ. ಅಂಗೈ ಚಾಚಿಯೇ ಕೂತರು. ನೋಟನ್ನು ತಿರುಗಿ ಎತ್ತಿ ಅವರ ಕೈಯಲ್ಲಿಟ್ಟೆ. ಅವರು ಎರಡೂ ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿ, "ಹೋಗು, ಕೆಲಸಕ್ಕ ಹೊತ್ತಾತು" ಎಂದರು.

ಈಗ ಚಾಚಾ ಕೂತಿದ್ದರೆ ನೋಟು, ರುಬೀನಾ ಇದ್ದರೆ ಫೋನು. ದರ್ಜಿ ಅಂಗಡಿಯ ಬಾಗಿಲು ನನ್ನನ್ನು ಮರೆತಿರಬೇಕು. ಆದರೂ ಇದು ನನ್ನ ಊರಾಯಿತು ಅನ್ನಲಾರೆ. ಇಲ್ಲಿ ನಾನು ಯಾರ ಹೆಂಡತಿ, ಯಾರ ಸೊಸೆ ಎಂದು ಯಾರಿಗೂ ಬೇಕಿಲ್ಲ, ಅದಕ್ಕೇ ಕಾಲು ಹಗುರ. ಜ್ವರ ಬಂದು ಮಲಗಿದ್ದಾಗ ಗಿರಿಜಾ ಬಿಟ್ಟು ಬೇರಾರೂ ಬಾಗಿಲು ಬಡಿಯಲಿಲ್ಲ, ಅದೂ ಅದಕ್ಕೇ. ಶಿಗ್ಲಿಯಲ್ಲಾದರೆ ಓಣಿಯೆಲ್ಲ ಗಂಜಿ ಹಿಡಿದು ಬರುತ್ತಿತ್ತು.

ನಂದಿನೀ, ಹೋದ ತಿಂಗಳು ನಾನು ಶಿಗ್ಲಿಗೆ ಬಂದಾಗ ಬೆಳಿಗ್ಗೆ ಬೆಲ್ಲ ತರಲು ಹೋದೆವಲ್ಲ. ಅಂಗಡಿಯವರು ಆಗತಾನೇ ಬಾಗಿಲು ತೆಗೆದಿದ್ದರು. ಫೋನು ಕೈಯಲ್ಲಿತ್ತು, ಗಂಟಿನಲ್ಲಿ ನೋಟೂ ಇತ್ತು. ಆದರೂ ಅಂಗಡಿಯ ಎದುರಿನ ಗಿರಣಿಯ ಗೋಡೆಯ ಹತ್ತಿರ ನನ್ನ ಕಾಲು ತಾವಾಗಿಯೇ ನಿಂತವು. "ಆಯಿ, ಇಲ್ಯಾಕ ನಿಂತಿ?" ಎಂದು ಕೇಳಿದೆ ನೀನು. ನಾನು ಉತ್ತರ ಕೊಡಲಿಲ್ಲ. ನೀನು ಒಳಗೆ ಓಡಿ ಮಿಠಾಯಿ ಕೊಂಡೆ. ಬೋಣಿಗೆಯಾಯಿತಲ್ಲ, ಆಗ ಅಂಗಡಿಯವರು ನನ್ನ ಕಡೆ ತಿರುಗಿ ನಕ್ಕರು, ಬಾ ಅಕ್ಕಾ, ಯಾವಾಗ ಬಂದಿ ಎಂದು ಬಾಯಿ ತುಂಬ ಕರೆದರು. ಎಷ್ಟು ವರ್ಷದ ದನಿ ಅದು. ಕೇಳಿ ಕಣ್ಣು ತುಂಬಿತು, ಸಿಟ್ಟೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟೂ ಬರೆದೆ. ಮುಂದಿನ ಸಲ ಆ ಗೋಡೆಯ ಹತ್ತಿರ ನನ್ನ ಕಾಲು ಮತ್ತೆ ನಿಲ್ಲಬಹುದು. ನಿಂತರೂ, ನನಗಿಂತ ಮೊದಲು ಒಳಗೆ ಓಡಬೇಡ.