ಹಂಡೆ ಕ್ಯಾಪ್ಟನ್

ಬಾಂಬಿನ ಪಕ್ಕ ಕುರ್ಚಿ ಹಾಕಿ, ಕೊಡೆ ಬಿಡಿಸಿ, ಇಡೀ ಹಗಲು ಕೂತ ಮುದುಕನನ್ನು ನಾನು ಕಾಪು ಕಡಲತೀರದಲ್ಲಿ ಕಂಡಿದ್ದೇನೆ. ತಾಕತ್ತಿದ್ದರೆ ನಂಬದೇ ಇರಿ, ನೋಡೋಣ. ಉಡುಪಿಯಿಂದ ಕಾರ್ಕಳದವರೆಗೆ ನನ್ನ ಸುಳ್ಳಿಗೆ ಏಮಾರದ ಗಂಡಸು ಅವರೊಬ್ಬರೇ: ಲಿಗೋರಿ ಕ್ಯಾಪ್ಟನ್.

ಕಾಪುವಿನ ಕೊಂಕಣಿ ಕ್ರಿಶ್ಚಿಯನ್ ಮನೆಯವರು. ಬೊಂಬಾಯಿಗೆ ಹೋಗಿ ಸರಕು ಹಡಗಿನಲ್ಲಿ ಆಫೀಸರ್ ಆದರು. ಮಹಾಯುದ್ಧ ಬಂದಾಗ ನೌಕಾದಳ ಅವರನ್ನು ಮೀಸಲು ಪಡೆಗೆ ಎಳೆದುಕೊಂಡಿತು. ಬರ್ಮಾದ ಕಡೆ ಶತ್ರುಗಳು ನೀರಿನಲ್ಲಿ ಬಿಟ್ಟ ಬಾಂಬುಗಳನ್ನು ಹುಡುಕಿ ಒಡೆಯುವ ಕೆಲಸ. ಎದೆಗೆ ಇಂಗ್ಲೆಂಡಿನ ರಾಜನ ಪದಕ ಬಂತು, ಎಡಗಿವಿ ಹೋಯಿತು. ಎಪ್ಪತ್ತರ ದಶಕದಲ್ಲಿ ಊರಿಗೆ ಮರಳಿ ದೀಪಸ್ತಂಭದ ಹತ್ತಿರ ಮನೆ ಮಾಡಿದರು. ಯಾರಾದರೂ ಎಡಕ್ಕೆ ಕೂತರೆ, "ಸ್ಟಾರ್‌ಬೋರ್ಡಿಗೆ ಬಾ ಮಾರಾಯ, ಎಡಗಡೆ ಅಂಗಡಿ ಬಂದ್" ಎಂದು ಬಲಗಿವಿ ತೋರಿಸುತ್ತಿದ್ದರು.

ಅವರ ಜಗಲಿಯಲ್ಲಿ ಹವೆ ನೋಡುವ ಗಡಿಯಾರವೊಂದಿತ್ತು. ಒಮ್ಮೆ ಅದರ ಹಿಂದಿನ ತಿರುಪು ತಿರುಗಿಸಿ ಮುಳ್ಳನ್ನು ಬಿರುಗಾಳಿಯ ಗುರುತಿಗೆ ತಂದಿಟ್ಟೆ. ಹೊರಬಂದ ಕ್ಯಾಪ್ಟನ್ ಮುಳ್ಳು ನೋಡಿದರು, ಮೂಗೆತ್ತಿ ಗಾಳಿ ಮೂಸಿದರು. "ಸಮುದ್ರಕ್ಕೇ ಗೊತ್ತಿಲ್ಲದ ಬಿರುಗಾಳಿ ಇದು. ನಿನ್ನದಾ?"

ಬಾಂಬಿಗೆ ಬರುತ್ತೇನೆ. ಒಂದು ಮಳೆಗಾಲ ಕಳೆದ ಮೇಲೆ, ಮೈತುಂಬ ಕೊಂಬುಗಳಿದ್ದ ದೊಡ್ಡ ಕಬ್ಬಿಣದ ಗುಂಡೊಂದು ದಡಕ್ಕೆ ಬಂದು ಬಿತ್ತು. ಎರ್ಮಾಳಿನ ಮೀನುಗಾರ ವಾಸಣ್ಣ ಉಳಿ ಸುತ್ತಿಗೆ ಹಿಡಿದು ಓಡಿದ. ನಮ್ಮಲ್ಲಿ ದುಂಡಗಿನ ಲೋಹ ಕಂಡವರಿಗೆ ಮೊದಲು ನೆನಪಾಗುವುದು ಬಚ್ಚಲಿನ ಬಿಸಿನೀರು.

"ಕ್ಯಾಪ್ಟನ್ರೇ, ನಡುವಿಗೆ ಕೊಯ್ದರೆ ಎರಡು ಹಂಡೆ! ಒಂದು ನಿಮಗೆ."

"ಉಳಿ ಕೆಳಗಿಡು! ನೀನು, ನಿನ್ನ ಹಂಡೆ, ಬಚ್ಚಲು ಎಲ್ಲ ಒಟ್ಟಿಗೆ ಮೇಲೆ ಹೋಗ್ತದೆ. ಇದು ಮೈನ್, ಬಾಂಬು!"

ವಾಸಣ್ಣ ಹಿಂದೆ ಸರಿಯಲಿಲ್ಲ. ಕ್ಯಾಪ್ಟನ್ ಮನೆಗೆ ಹೋಗಿ ಬಿಳಿ ಕೋಟು ಹಾಕಿ, ಪದಕ ಚುಚ್ಚಿಕೊಂಡು, ಕುರ್ಚಿ ತಂದು ಗುಂಡಿಗೂ ಊರಿಗೂ ನಡುವೆ ಕೂತರು. ಸುದ್ದಿ ತಿಳಿದು ಸಂಜೆ ಜೀಪಿನಲ್ಲಿ ಬಂದ ನೌಕಾದಳದ ಎಳೆಯ ಅಧಿಕಾರಿ ಗುಂಡನ್ನು ಬೂಟಿನಿಂದ ಒದ್ದ. ಕ್ಯಾಪ್ಟನ್ ಕಣ್ಣು ಮುಚ್ಚಿದರು. ಏನೂ ಆಗಲಿಲ್ಲ.

"ಎಂತ ಅಜ್ಜ, ಖಾಲಿ ತೇಲುಗುಂಡಿಗೆ ಇಷ್ಟು ಗಲಾಟೆಯಾ?" ಅಂದ. ಪದಕ ನೋಡಿ, "ರಾಜನ ಕಾಲ ಮುಗೀತು. ಅದನ್ನು ತೆಗೆದಿಡಿ" ಅಂದ.

ಜನ ಹೊಟ್ಟೆ ಹಿಡಿದು ನಕ್ಕರು. ತಾವು ಬದುಕಿ ಉಳಿದದ್ದೇ ಮುದುಕ ಸುಳ್ಳ ಎನ್ನುವುದಕ್ಕೆ ಅವರಿಗೆ ಸಾಕ್ಷಿ. ಗುಂಡಿಗೆ ಟಾರ್ಪಾಲು ಹೊದಿಸಿ ಲಾರಿಯಲ್ಲಿ ಒಯ್ದರು. ಎಲ್ಲಿಗೆ, ಅದು ಎಂತದು, ಯಾರೂ ಹೇಳಲಿಲ್ಲ. ಅಂದಿನಿಂದ ಅವರು ಹಂಡೆ ಕ್ಯಾಪ್ಟನ್. ಹೆಸರಿಟ್ಟದ್ದು ನಾನಲ್ಲ, ನಾನಾಗಿದ್ದರೆ ಇನ್ನೂ ಚಂದದ್ದು ಇಡುತ್ತಿದ್ದೆ. ಬಸ್ಸಿನ ಕಂಡಕ್ಟರ್ ಕೂಡ "ಹಂಡೆ ಇಳೀಲಿಕ್ಕುಂಟು, ಹೋಲ್ಡಾನ್!" ಎನ್ನುತ್ತಿದ್ದ. ಪದಕ ಮತ್ತೆ ಕಾಣಲಿಲ್ಲ. ನಾನು ಸಿಕ್ಕಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಆ ಗುಂಡಿನ ಸುದ್ದಿ ಎಂತಾದರೂ ಉಂಟಾ?"

ಎಂಬತ್ತರ ದಶಕದಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದೆ. ಅಲ್ಲಿಯೂ ಅದನ್ನೇ ಕೇಳಿದರು. ನಾನು ಅವರ ಬಲಕ್ಕೆ ಕೂತು, ಜೀವಮಾನದ ಕಸುಬನ್ನೆಲ್ಲ ಹಾಕಿ ಹೇಳಿದೆ: "ಉಂಟು ಕ್ಯಾಪ್ಟನ್ರೇ. ಆ ದಿನ ಲಾರಿಯ ಹಿಂದೆಯೇ ಮಲ್ಪೆಗೆ ಹೋದೆ. ದೋಣಿಯಲ್ಲಿ ದೂರ ಒಯ್ದು ಒಡೆದರು. ದಡದಲ್ಲಿ ನಿಂತು ಕಣ್ಣಾರೆ ನೋಡಿದೆ. ಹೇಳಬಾರದೆಂದು ಹೆದರಿಸಿದ್ದರು."

ಅವರ ಕಣ್ಣು ಹೊಳೆಯಿತು. "ಮೊದಲು ಎಂತ? ನೀರಾ, ಶಬ್ದವಾ?"

"ಶಬ್ದ! ಕಿವಿ ಹರಿಯುವಂಥದ್ದು. ಆಮೇಲೆ ನೀರು ಎದ್ದಿತು."

"ದೂರದಲ್ಲಿ ನಿಂತವನಿಗೆ ನೀರು ಮೊದಲು ಕಾಣ್ತದೆ ಮಾರಾಯ. ಶಬ್ದ ಆಮೇಲೆ ಬರ್ತದೆ." ಹಾಗೆಂದು, ನನ್ನ ಕೈ ತಟ್ಟಿ ನಕ್ಕರು. ಆ ವಾರವೇ ತೀರಿಕೊಂಡರು.

ನಂಬಿದಿರಲ್ವಾ? ಕೊಂಬು, ಕುರ್ಚಿ, ಬೂಟು, ಎಲ್ಲ ನಿಜ. ನಿಮಗಾಗಿ ನಾನು ಕಟ್ಟಿದ್ದು ಒಂದೇ, ಆ ನಗು. ಅವರು ನಗಲಿಲ್ಲ. ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ, ಕಣ್ಣು ಮುಚ್ಚಿ ಮಲಗಿದರು.